ಮೂರನೇ ಸಿಲಿಂಡರಿನ ಮುನಿಸು

ಮಾರ್ಚ್ ೪, ಸೋಮವಾರ

ತಂಗಿಯ ಕಾರು ಮತ್ತೆ ಬಂತು. ಬಂತು ಅನ್ನುವುದಕ್ಕಿಂತ ತಳ್ಳಿಸಿಕೊಂಡಿತು ಅನ್ನಬೇಕು. ರಸ್ತೆಯ ತಿರುವಿನಲ್ಲಿ ಉಸಿರುಬಿಟ್ಟು ನಿಂತಿತ್ತು. ಪಕ್ಕದ ಬೀಗದಂಗಡಿಯವನೂ ನಾನೂ ಹಿಂದಿನಿಂದ ತಳ್ಳಿದೆವು. ತಂಗಿ ಒಳಗೆ ಕೂತು, ಕನ್ನಡಿಯಲ್ಲಿ ನಮ್ಮನ್ನು ನೋಡುತ್ತಾ, ಇಬ್ಬರೂ ಊಟ ಮಾಡಿ ಬಂದಿಲ್ಲವಾ ಅಂತ ವಿಚಾರಿಸಿಕೊಂಡಳು.

ಅದೇ ಕಾಯಿಲೆ. ಬೆಳಿಗ್ಗೆ ಸೆಲ್ಫ್ ಹೊಡೆದರೆ ಸುಲಭಕ್ಕೆ ಏಳುವುದಿಲ್ಲ, ಎದ್ದರೆ ಮೈಯೆಲ್ಲ ನಡುಕ, ಹಿಂದೆ ಕಪ್ಪು ಹೊಗೆ. ನಾಲ್ಕು ಸಿಲಿಂಡರಿನ ಇಂಜಿನ್ ಸರಿಯಾಗಿ ಓಡುವಾಗ ನಾಲ್ಕು ಗಣದ ಸಾಲಿನ ಹಾಗೆ. ಈಗ ಮೂರನೆಯ ಗಣದಲ್ಲಿ ಒಂದು ಮಾತ್ರೆ ಕಡಿಮೆ. ಬಿ.ಎ.ಯಲ್ಲಿ ಛಂದಸ್ಸು ಓದಿದ್ದಕ್ಕೆ ನನಗೆ ಈವರೆಗೆ ಸಿಕ್ಕ ಲಾಭ ಇಷ್ಟೇ.

ಕೆಮ್ಮುವ ಕಾರು, ಕುಟುಕುವ ತಂಗಿ,
ನಡುವೆ ಎಣ್ಣೆ ಮೆತ್ತಿದ ನನ್ನ ಅಂಗಿ.

ನಗುವ ಹೊತ್ತೇನಲ್ಲ. ಈ ಕಾರು ಮಂಗಳವಾರ, ಗುರುವಾರ, ಶನಿವಾರ ಡಯಾಲಿಸಿಸ್ ಕೇಂದ್ರಕ್ಕೆ ರೋಗಿಗಳನ್ನು ಕರೆದೊಯ್ದು ಕರೆತರುತ್ತದೆ. ಡ್ರಾಯಿಂಗ್ ಮೇಷ್ಟ್ರು ಒಬ್ಬರು, ಟೈಲರಮ್ಮ ಒಬ್ಬರು. ಗಂಡ ಹೋದ ಮೇಲೆ ತಂಗಿಯ ಮನೆ ನಡೆಯುತ್ತಿರುವುದು ಆ ಓಡಾಟದ ಮೇಲೆ. ಕೇಂದ್ರದ ಮೇಲ್ವಿಚಾರಕಿ ಕೆಟ್ಟವರಲ್ಲ. ಆದರೆ ರಕ್ತ ತೊಳೆಯುವ ಯಂತ್ರ ಯಾರಿಗೂ ಕಾಯುವುದಿಲ್ಲವಲ್ಲ. ಹೀಗೇ ಆದರೆ ಬೇರೆ ಗಾಡಿ ನೋಡಬೇಕಾಗುತ್ತದೆ ಅಂದಿದ್ದಾರಂತೆ.

ಮಾಲೀಕರು ಎಲ್ಲವನ್ನೂ ಸ್ಟೂಲಿನ ಮೇಲಿಂದ ನೋಡಿದರು. ಮಾಲೀಕರು ಅಂದರೆ ಅಪ್ಪ. ಗ್ಯಾರೇಜು ಕಟ್ಟಿದ್ದು ಅವರು. ಕೈ ನಡುಗಲು ಶುರುವಾದ ಮೇಲೆ ಸ್ಪ್ಯಾನರ್ ಬಿಟ್ಟಿದ್ದಾರೆ, ಗ್ಯಾರೇಜು ಬಿಟ್ಟಿಲ್ಲ. ಮನೆಯಲ್ಲಿ ಕೂರಿಸಿದರೆ ಅಡುಗೆಮನೆಯ ನಲ್ಲಿ ಬಿಚ್ಚಿ ಹರಡುತ್ತಾರೆಂದು ನನ್ನ ಹೆಂಡತಿ ಬೆಳಿಗ್ಗೆಯೇ ತಲೆಗೆ ಟೋಪಿ ಇಟ್ಟು ಕಳಿಸುತ್ತಾಳೆ. ಆಮೇಲೆ ಸಂಜೆಯವರೆಗೆ ನನಗೆ ಸಲಹೆ. ಆ ಸ್ಟೂಲಿನ ಒಂದು ಕಾಲಿನ ರಬ್ಬರ್ ಕಳಚಿಹೋಗಿದೆ, ಕೂತವರನ್ನು ಅಲ್ಲಾಡಿಸುತ್ತದೆ. ನಾನು ಸರಿಮಾಡಿಲ್ಲ. ಬೇಸತ್ತು ಒಂದು ದಿನವಾದರೂ ಮನೆಯಲ್ಲಿ ಉಳಿದಾರು ಎಂಬ ಆಸೆ.

ಕೈ ನಡುಗಿದರೂ ಬಾಯಿ ಗಟ್ಟಿ,
ಸ್ಟೂಲಿನ ಮೇಲೆ ಮೀಸೆಯ ಜಟ್ಟಿ.

ಮಾರ್ಚ್ ೬, ಬುಧವಾರ

ಸಿಲಿಂಡರಿಗೆ ಡೀಸೆಲ್ ಚಿಮುಕಿಸುವ ನಾಲ್ಕೂ ಇಂಜೆಕ್ಟರುಗಳ ವಾಪಸು ಪೈಪಿಗೆ ಒಂದೊಂದು ಪುಟ್ಟ ಬಾಟಲಿ ಕಟ್ಟಿ ಇಂಜಿನ್ ಓಡಿಸಿದೆ. ನೆಟ್ಟಗಿರುವ ಇಂಜೆಕ್ಟರ್ ತನಗೆ ಬೇಡದ ಡೀಸೆಲನ್ನು ಚೂರೇ ಚೂರು ವಾಪಸು ಬಿಡುತ್ತದೆ. ಮೂರನೆಯದರ ಬಾಟಲಿ ಕಣ್ಣೆದುರೇ ತುಂಬಿತು. ಕಳ್ಳ ಸಿಕ್ಕ.

ಬಿಚ್ಚಿಕೊಂಡು, ಇಂಜೆಕ್ಟರ್ ರಿಪೇರಿ ಮಾಡುವ ನಾಝಲ್ ಅಂಗಡಿಗೆ ಹೋದೆ. ಅಲ್ಲಿನವನಿಗೆ ನಾವೆಲ್ಲ ಇಟ್ಟ ಹೆಸರು ಸೂಜಿ. ಮಾತೂ ಹಾಗೇ. ಭೂತಗನ್ನಡಿ ಹಿಡಿದು ನೋಡಿ, ಒಳಗೆ ಗೀರು ಬಿದ್ದಿದೆ, ನುಣುಪು ಧೂಳು ಹೊಕ್ಕಿದೆ, ನೀನು ಫಿಲ್ಟರ್ ಬದಲಿಸುತ್ತೀಯೋ ಇಲ್ಲ ಬರೀ ಮೈದಡವುತ್ತೀಯೋ ಎಂದ. ಇಂಜೆಕ್ಟರ್ ಬಿಚ್ಚಿದಾಗೆಲ್ಲ ಹೊಸದೇ ಹಾಕುತ್ತೇನೆ ಎಂದೆ. ಅವನು ನಂಬಿದ ಮುಖ ಮಾಡದೆ ಸರಿಮಾಡಿ ಕೊಟ್ಟ.

ಫಿಲ್ಟರ್ ಹಾಕುವ ಹೊತ್ತಿಗೆ ಮಾಲೀಕರು ಎದ್ದು ಬಂದರು. ಕಸ ಗುಡಿಸುವುದು ಬಿಟ್ಟರೆ ಇಡೀ ಗ್ಯಾರೇಜಿನಲ್ಲಿ ಅವರಿಗೆ ಉಳಿದಿರುವ ಕೆಲಸ ಇದೊಂದು. ಒಣ ಫಿಲ್ಟರ್ ಕೂರಿಸಿದರೆ ಪೈಪಿಗೆ ಗಾಳಿ ಸೇರಿ ಇಂಜಿನ್ ಏಳಲು ಸತಾಯಿಸುತ್ತದೆ. ಅದಕ್ಕೇ ಮೊದಲು ಡೀಸೆಲ್ ತುಂಬಿ ಆಮೇಲೆ ಕೂರಿಸುವುದು ಅವರ ಪದ್ಧತಿ, ಅವರಿಂದ ಕಲಿತ ನನ್ನದೂ. ಗ್ರೈಂಡರ್ ಮೇಜಿನ ಕೆಳಗಿಂದ ತಮ್ಮ ಉದ್ದ ಮೂತಿಯ ಕ್ಯಾನ್ ಎಳೆದುಕೊಂಡರು, ಮೂತಿಯನ್ನು ಬಟ್ಟೆಯಿಂದ ಒರೆಸಿದರು, ಫಿಲ್ಟರನ್ನು ಎಳೆಮಗುವಿನ ಹಾಗೆ ತೊಡೆಯ ಮೇಲಿಟ್ಟುಕೊಂಡು ನಡುವಿನ ತೂತಿಗೆ ನಿಧಾನವಾಗಿ ಎರೆದರು. ಆಗ ಮಾತ್ರ ಕೈ ಅಷ್ಟು ನಡುಗುವುದಿಲ್ಲ.

"ಕುಡೀಲಿ, ಆಮೇಲೆ ದುಡೀಲಿ," ಎಂದರು. ಪ್ರತಿ ಸಲವೂ ಅನ್ನುತ್ತಾರೆ. ಪ್ರಾಸದ ಚಟ ನನಗೆ ಕಾಲೇಜಿನಿಂದ ಬಂತು ಅಂತ ಎಲ್ಲರಿಗೂ ಹೇಳಿಕೊಂಡು ಬಂದಿದ್ದೇನೆ.

ಒಂದೇ ಸೆಲ್ಫಿಗೆ ಎದ್ದಿತು. ತಂಗಿ ಕೀಲಿ ತೆಗೆದುಕೊಳ್ಳುತ್ತಾ, "ನೀನು ಮುಟ್ಟಿದ ಮೇಲೇ ಅಣ್ಣ ಇದು ಕೆಡೋದು. ಮುಟ್ಟದೆ ಬಿಟ್ಟು ನೋಡೋಣ ಒಂದ್ಸಲ," ಎಂದಳು. ಹಾಗಾದರೆ ಮುಂದಿನ ಸಲ ದೂರದಿಂದಲೇ ಆಶೀರ್ವಾದ ಮಾಡುತ್ತೇನೆ ಎಂದೆ.

ಮಾರ್ಚ್ ೨೭, ಬುಧವಾರ

ಮತ್ತೆ.

ಆದರೆ ಈಗ ಬಾಟಲಿ ತುಂಬಿದ್ದು ಒಂದನೆಯದು. ಮೂರನೆಯದು ಮುನಿಸನ್ನು ಒಂದನೆಯದಕ್ಕೆ ದಾಟಿಸಿ ತಾನು ಸಾಧುವಾಗಿ ಕೂತಿದೆ. ಹಾಗಾದರೆ ಕಾಯಿಲೆ ಸಿಲಿಂಡರಿನದಲ್ಲ, ವೈರಿನದಲ್ಲ. ಧೂಳು ಎಲ್ಲಿಂದಲೋ ಬರುತ್ತಿದೆ, ಯಾರ ಬಾಯಿಗೆ ಸಿಕ್ಕರೆ ಅವರು ಕೆಮ್ಮುತ್ತಾರೆ.

ನಮ್ಮ ಉಳಿದ ಗಿರಾಕಿಗಳದೆಲ್ಲ ಹಳೇ ಕಾಲದ ಇಂಜಿನ್. ಸಾಮಾನು ಗಾಡಿ, ಜನರೇಟರು. ಏನು ಹಾಕಿದರೂ ಅರಗಿಸಿಕೊಳ್ಳುತ್ತವೆ. ಈ ಹೊಸ ಬಗೆಯದು ಇದೊಂದೇ, ಅದೂ ಮನೆಮಗಳದು.

ಬಂಕಿನ ಡೀಸೆಲ್ ಕೆಟ್ಟದ್ದು ಅಂದೆ. ಬಂಕ್ ಬದಲಿಸಿ ಆಗಲೇ ತಿಂಗಳಾಯಿತು ಅಂದಳು. ಟ್ಯಾಂಕ್ ಬರಿದಾಗುವವರೆಗೆ ಓಡಿಸಿ ತಳದ ಕೊಳೆ ಎಳೆಸುತ್ತಿದ್ದೀಯ ಅಂದೆ. ಅದಕ್ಕೆ ಅವಳ ಮುಖ ಕೆಂಪಾಯಿತು.

"ಮೇಷ್ಟ್ರನ್ನ ಹಿಂದಿನ ಸೀಟಲ್ಲಿ ಮಲಗಿಸ್ಕೊಂಡು ಬರೋಳು ನಾನು. ಟ್ಯಾಂಕ್ ಅರ್ಧಕ್ಕೆ ಇಳಿಯೋಕೂ ಬಿಡಲ್ಲ. ನಿನಗೆ ಗೊತ್ತಾಗ್ತಿಲ್ಲ ಅಂದ್ರೆ ಗೊತ್ತಾಗ್ತಿಲ್ಲ ಅನ್ನು."

ಗೊತ್ತಾಗುತ್ತಿಲ್ಲ ಅನ್ನಲಿಲ್ಲ. ನಾಳೆ ಟ್ಯಾಂಕ್ ಇಳಿಸಿ ನೋಡುತ್ತೇನೆ ಅಂದೆ.

ಮಾರ್ಚ್ ೨೯, ಶುಕ್ರವಾರ

ಟ್ಯಾಂಕ್ ಇಳಿಸಿದೆ. ಒಳಗೆ ಟಾರ್ಚ್ ಬಿಟ್ಟೆ. ಮದುವೆ ಮನೆಯ ಪಾತ್ರೆ ಇಷ್ಟು ಚೊಕ್ಕಟವಾಗಿರುವುದಿಲ್ಲ. ಪೈಪುಗಳನ್ನು ಊದಿದೆ. ಒತ್ತಡದ ಪಂಪು ತನ್ನನ್ನೇ ತೇಯ್ದುಕೊಂಡು ಲೋಹದ ಪುಡಿ ಕಳಿಸುತ್ತಿದೆಯೋ ಏನೋ ಎಂದು ಅದನ್ನೂ ಸೂಜಿಯ ಹತ್ತಿರ ಒಯ್ದೆ. ಪಂಪು ನಿನಗಿಂತ ಗಟ್ಟಿಮುಟ್ಟಾಗಿದೆ, ಹೋಗಿ ಮಲಗು ಎಂದ.

ಟ್ಯಾಂಕು ಶುದ್ಧ, ಪೈಪು ಶುದ್ಧ,
ರಿಪೇರಿಗೆ ನಿಂತವನೊಬ್ಬನೇ ಪೆದ್ದ.

ಸೊಂಟ ಹಿಡಿದುಕೊಂಡಿದೆ. ಮಾಲೀಕರು ಇಡೀ ದಿನ, ಇಂಜಿನಿಗೆ ಸ್ಕ್ರೂಡ್ರೈವರ್ ಇಟ್ಟು ಹಿಡಿಯನ್ನು ಕಿವಿಗೆ ಕೊಡು, ಅದೇ ಹೇಳುತ್ತದೆ ಎನ್ನುತ್ತಿದ್ದರು. ಕೊನೆಗೆ ಕಿವಿಗೆ ಕೊಟ್ಟೆ. ಇಂಜಿನ್ ಏನೂ ಹೇಳಲಿಲ್ಲ. ಅವರು ಕೇಳಿದರು. ಅವರಿಗೂ ಹೇಳಲಿಲ್ಲ, ಆದರೆ ತಲೆಯಾಡಿಸಿದರು.

ಏಪ್ರಿಲ್ ೩, ಬುಧವಾರ

ಇಂಜೆಕ್ಟರ್ ಸರಿಮಾಡಿಸಿ ತಂದು ಕೂರಿಸಿದೆ. ಹೊಸ ಫಿಲ್ಟರ್, ಮಾಲೀಕರ ಕ್ಯಾನ್, ಕುಡೀಲಿ, ದುಡೀಲಿ. ಎದ್ದಿತು, ಹೋಯಿತು. ತಂಗಿ ಕುಟುಕಲೂ ಇಲ್ಲ. ಕುಟುಕಿದ್ದರೆ ವಾಸಿಯಿತ್ತು.

ಏಪ್ರಿಲ್ ೨೦, ಶನಿವಾರ

ತಂಗಿಯ ಫೋನು. ಕೇಂದ್ರದಿಂದ ಬರುವಾಗ ಸೇತುವೆ ದಾಟಿ ನಿಂತುಹೋಗಿದೆ, ಬಾ ಅಂದಳು, ಅಷ್ಟೇ.

ಹೋದಾಗ ಮೇಷ್ಟ್ರು ರಸ್ತೆಬದಿಯ ಕಟ್ಟೆಯ ಮೇಲೆ ಒರಗಿದ್ದರು. ಡಯಾಲಿಸಿಸ್ ಮುಗಿಸಿ ಬಂದವರ ಮುಖ ಹಿಂಡಿದ ಬಟ್ಟೆಯ ಹಾಗಿರುತ್ತದೆ. ಬಿಸಿಲು. ಟೈಲರಮ್ಮ ತಮ್ಮ ಸೆರಗನ್ನೇ ಅವರಿಗೆ ನೆರಳು ಹಿಡಿದಿದ್ದರು, ಅವರಿಗೇ ನಿಲ್ಲಲು ತ್ರಾಣವಿರಲಿಲ್ಲ. ತಂಗಿ ದೂರದಲ್ಲಿ ನಿಂತು ಬೇರೆ ಗಾಡಿಗೆ ಕೈ ತೋರಿಸುತ್ತಿದ್ದಳು. ನನ್ನ ಕಡೆ ನೋಡಲಿಲ್ಲ.

ನಾನು ಏನೋ ಕ್ಷಮೆಯ ಮಾತು ಶುರುಮಾಡಿದೆ. ಮೇಷ್ಟ್ರು ಕಣ್ಣು ಮುಚ್ಚಿಕೊಂಡೇ ಹೇಳಿದರು. "ನನ್ನದೂ ಫಿಲ್ಟರೇ ಕೆಟ್ಟಿದ್ದು. ಬಿಚ್ಚಿ ನೋಡೋಕೆ ಆಗಲ್ಲ ಅಂತಾರೆ ಡಾಕ್ಟರು. ನಿಮ್ಮದನ್ನಾದ್ರೂ ಬಿಚ್ಚಿ ನೋಡಿದ್ರಾ?"

ನಕ್ಕೆ. ನೋಡಿರಲಿಲ್ಲ. ಹಳೇ ಫಿಲ್ಟರನ್ನು ಯಾರು ಬಿಚ್ಚಿ ನೋಡುತ್ತಾರೆ, ಮೂಲೆಯ ಡಬ್ಬಕ್ಕೆ ಎಸೆಯುತ್ತೇವೆ.

ಮೇಲ್ವಿಚಾರಕಿ ಸಂಜೆಯೇ ತಂಗಿಗೆ ಫೋನ್ ಮಾಡಿದ್ದಾರೆ. ಈ ತಿಂಗಳ ಕೊನೆಯೊಳಗೆ ಗಾಡಿ ಸರಿಮಾಡಿಸಿ, ಇನ್ನೊಂದು ಸಲ ದಾರಿಯಲ್ಲಿ ನಿಂತರೆ ಕೆಲಸ ಬೇರೆಯವರಿಗೆ ಅಂತ. ಅಲ್ಲಿಯವರೆಗೆ ಗೆಳತಿಯ ಕಾರು ಎರವಲು ತಂದು ಓಡಿಸುತ್ತಾಳೆ.

ಏಪ್ರಿಲ್ ೨೨, ಸೋಮವಾರ

ಬಿಚ್ಚಿ ನೋಡಿದೆ.

ತಗಡಿನ ಕತ್ತರಿಯಿಂದ ಫಿಲ್ಟರಿನ ಹೊಟ್ಟೆ ಸೀಳಿದೆ. ಮೂರನೇ ತಾರೀಕು ಹಾಕಿದ್ದು. ಒಳಗೆ ಮಡಿಕೆ ಮಡಿಕೆಯ ಕಾಗದ. ಟ್ಯಾಂಕಿನ ಡೀಸೆಲ್ ಆ ಕಾಗದದ ಹೊರಗಿನಿಂದ ಒಳಕ್ಕೆ ಇಳಿಯುತ್ತದೆ, ಸೋಸಿದ್ದು ನಡುವಿನ ತೂತಿನಿಂದ ಇಂಜೆಕ್ಟರಿಗೆ ಹೋಗುತ್ತದೆ. ಆದ್ದರಿಂದ ಕಸವಿದ್ದರೆ ಹೊರಗಡೆ ಇರಬೇಕು.

ಹೊರಗಡೆ ಹೆಚ್ಚುಕಡಿಮೆ ಹೊಸದರ ಹಾಗೇ ಇತ್ತು. ನಡುವಿನ ತೂತಿನೊಳಗೆ ಬೆರಳು ಹಾಕಿ ತೆಗೆದರೆ ಕಪ್ಪು. ಉಜ್ಜಿದರೆ ಗರಗರ ಅನ್ನುವ ಸಣ್ಣ ಪುಡಿ, ಬಿಸಿಲಿಗೆ ಹಿಡಿದರೆ ಮಿಣುಗುತ್ತದೆ. ಜೊತೆಗೆ ಬಟ್ಟೆಯ ಒಂದು ಎಳೆ.

ಸೋಸಿದ ಡೀಸೆಲ್ ಮಾತ್ರ ಇರಬೇಕಾದ ಜಾಗದಲ್ಲಿ ಸೋಸದ ಕಸ. ಅದು ತಾನಾಗಿ ಅಲ್ಲಿಗೆ ಬರಲಾರದು. ಯಾರಾದರೂ ಎರೆದರೆ ಮಾತ್ರ.

ಗ್ರೈಂಡರ್ ಮೇಜಿನ ಕಡೆ ನೋಡಿದೆ. ಕ್ಯಾನ್ ಅದರ ಕೆಳಗೆ ಎಂದಿನಂತೆ ಬಾಯಿ ತೆರೆದುಕೊಂಡು ಕೂತಿತ್ತು, ಮೇಲಿನಿಂದ ಉದುರುವುದನ್ನೆಲ್ಲ ಹಿಡಿಯುತ್ತಾ. ಡಬ್ಬ ಬುಡಮೇಲು ಮಾಡಿ ಅದಕ್ಕೂ ಹಿಂದಿನ ಫಿಲ್ಟರ್ ಹುಡುಕಿ ಸೀಳಿದೆ. ಅಲ್ಲೂ ಅದೇ.

ನಾವು ರಿಪೇರಿ ಮಾಡಿದಾಗೆಲ್ಲ ಮುಂದಿನ ರಿಪೇರಿಯನ್ನೂ ಅದರ ಜೊತೆಗೇ ಎರೆದು ಕಳಿಸಿದ್ದೇವೆ. ತಂಗಿ ತಮಾಷೆಗೆ ಅಂದದ್ದು ಅಕ್ಷರಶಃ ನಿಜ.

ಅಪ್ಪ ಆಗ ಬೀಗದಂಗಡಿಯವನ ಹತ್ತಿರ ಹರಟುತ್ತಿದ್ದ. ಸೀಳಿದ್ದನ್ನೆಲ್ಲ ಮೇಜಿನ ಹಿಂದಕ್ಕೆ ತಳ್ಳಿದೆ. ಕಳ್ಳ ಸಿಕ್ಕ ಅಂತ ಬರೆಯಲು ಪೆನ್ನು ಹೋಗುತ್ತಿಲ್ಲ.

ಏಪ್ರಿಲ್ ೨೩, ಮಂಗಳವಾರ

ಹೇಳಲಿಲ್ಲ. ಕ್ಯಾನ್ ತೊಳೆದು ಹೊಸ ಡೀಸೆಲ್ ಹಾಕಿಡೋಣ ಎಂದು ಹೊರಟೆ. ಎಷ್ಟು ತೊಳೆದರೂ ಈ ಗ್ಯಾರೇಜಿನ ಗಾಳಿ ತೊಳೆಯಲಾಗುತ್ತದೆಯೆ. ಬಟ್ಟೆಯಲ್ಲಿ ಸೋಸಿ ನೋಡಿದೆ. ಬಟ್ಟೆಯೇ ಎಳೆ ಬಿಡುತ್ತದೆ. ಈ ಇಂಜೆಕ್ಟರಿನ ತೂತು ಕೂದಲಿಗಿಂತ ಸಣ್ಣದು. ಫಿಲ್ಟರನ್ನು ಒಣಗಿದ್ದೇ ಕೂರಿಸಿ, ಪೈಪಿನಲ್ಲಿರುವ ರಬ್ಬರ್ ಬುರುಡೆಯನ್ನು ಹಿಸುಕಿ ಹಿಸುಕಿ ಟ್ಯಾಂಕಿನಿಂದಲೇ ಎಳೆದು ತುಂಬಿಸಬೇಕು. ಬೇರೆ ದಾರಿಯಿಲ್ಲ. ಅಂದರೆ ಕ್ಯಾನಿಗೆ ಕೆಲಸವಿಲ್ಲ.

ಸಂಜೆ ತಂಗಿಯ ಮನೆಗೆ ಹೋಗಿ ಹೇಳಿದೆ. ಬೈಯುತ್ತಾಳೆ ಅಂದುಕೊಂಡಿದ್ದೆ. ಬಹಳ ಹೊತ್ತು ಲೋಟ ತೊಳೆಯುತ್ತಲೇ ಇದ್ದಳು.

"ಅಪ್ಪನಿಗೆ ಹೇಳ್ಬೇಡ," ಎಂದಳು. "ನಾನೇ ನಿನ್ನ ಜೊತೆ ಜಗಳ ಆಡ್ಕೊಂಡು ಬೇರೆ ಗ್ಯಾರೇಜಿಗೆ ಹೋದೆ ಅಂತ ಆಗ್ಲಿ. ಜಗಳ ಅಂದ್ರೆ ನಂಬ್ತಾನೆ."

ಮಗಳ ಗಾಡಿ ಇನ್ನೊಬ್ಬರ ಗ್ಯಾರೇಜಿಗೆ ಹೋಯಿತು ಅಂದರೆ ಅದೇನು ಸಣ್ಣದೇ ಎಂದೆ. ಎರಡರಲ್ಲಿ ಯಾವುದು ಕಡಿಮೆ ನೋಯುತ್ತದೆ ಎಂದು ಇಬ್ಬರೂ ಲೆಕ್ಕ ಹಾಕಿದೆವು. ಇಬ್ಬರಿಗೂ ಲೆಕ್ಕ ಚಿಕ್ಕಂದಿನಿಂದ ಬರುವುದಿಲ್ಲ.

ಏಪ್ರಿಲ್ ೨೪, ಬುಧವಾರ

ಸುಳ್ಳೊಂದನ್ನು ತಯಾರು ಮಾಡಿಕೊಂಡು ಹೋದೆ. ಅಪ್ಪ ನನಗಿಂತ ಮೊದಲೇ ಬಂದು ಕಸ ಗುಡಿಸಿ ಮುಗಿಸಿದ್ದ.

"ಅಪ್ಪ, ಫಿಲ್ಟರ್ ಕಂಪನಿಯವರು ಹೊಸ ನಿಯಮ ಮಾಡಿದ್ದಾರೆ. ಇನ್ಮೇಲೆ ಒಣಗಿದ್ದೇ ಹಾಕ್ಬೇಕಂತೆ."

ಅಪ್ಪ ಜೇಬಿನಿಂದ ಕಾಗದದ ಒಂದು ಮಡಿಕೆ ತೆಗೆದ. ಸೀಳಿದ ಫಿಲ್ಟರಿನದು. ಮೇಜಿನ ಹಿಂದೆ ಗುಡಿಸುವಾಗ ಸಿಕ್ಕಿದೆ. ನಾನೇ ಬಚ್ಚಿಟ್ಟ ಜಾಗವನ್ನು ದಿನಾ ಗುಡಿಸುವವನು ಅವನು ಎನ್ನುವುದು ನನಗೆ ಹೊಳೆದೇ ಇರಲಿಲ್ಲ.

"ಇದು ಗ್ರೈಂಡರ್ ಧೂಳು," ಎಂದ, ಬೆರಳಲ್ಲಿ ಉಜ್ಜುತ್ತಾ. "ನನ್ನ ಕ್ಯಾನಿಂದು."

ಹಳೇ ಇಂಜಿನ್‌ಗಳಿಗೆ ಇದರಿಂದ ಏನೂ ಆಗುತ್ತಿರಲಿಲ್ಲ, ಈ ಒಂದೇ ಒಂದು ಗಾಡಿ ಇಷ್ಟು ನಾಜೂಕು ಎಂದೆಲ್ಲ ಹೇಳಿದೆ. ಕೇಳಿಸಿಕೊಂಡ.

"ಮಗಳ ಗಾಡಿ ಕೆಡಿಸ್ತಾ ಇದ್ದದ್ದು ನಾನು, ಹಂಗಾದ್ರೆ."

"ನಾವು," ಎಂದೆ. "ಪಕ್ಕದಲ್ಲೇ ನಿಂತಿದ್ದೆನಲ್ಲ."

"ಕಂಪನಿಯವರಂತೆ, ನಿಯಮವಂತೆ," ಎಂದ ಅಪ್ಪ. "ಸುಳ್ಳು ಹೇಳೋಕೂ ಬರಲ್ಲ ನಿಂಗೆ. ಪದ್ಯಾನೇ ಪರವಾಗಿಲ್ಲ."

ನಾನು ಬರೆಯುವುದು ಅವನಿಗೆ ಹೇಗೆ ಗೊತ್ತೋ. ಕ್ಯಾನ್ ಎತ್ತಿಕೊಂಡು ಹೋಗಿ, ಬಿಡಿಭಾಗ ತೊಳೆಯುವ ತಟ್ಟೆಗೆ ಅಷ್ಟೂ ಸುರಿದ. ಒಂದಿಷ್ಟು ನೆಲಕ್ಕೆ ಚೆಲ್ಲಿತು. ಖಾಲಿ ಕ್ಯಾನನ್ನು ಮೊಳೆಗೆ ಬೋರಲು ನೇತುಹಾಕಿ, ಟೋಪಿ ಇಟ್ಟುಕೊಂಡು, ಊಟದ ಹೊತ್ತಿಗೆ ಮುಂಚೆಯೇ ಮನೆಗೆ ಹೊರಟ. ನಾನು ನೆಲಕ್ಕೆ ಚೆಲ್ಲಿದ್ದನ್ನು ಒರೆಸಿದೆ.

ಏಪ್ರಿಲ್ ೨೫, ಗುರುವಾರ

ಸ್ಟೂಲು ಖಾಲಿ. ಬೇಕು ಅಂದುಕೊಂಡಿದ್ದೇ. ಸಲಹೆಗಳಿಲ್ಲದ ದಿನ ಕೆಲಸ ಬೇಗ ಸಾಗಬೇಕಿತ್ತು. ಸಾಗಲಿಲ್ಲ. ಒಂದು ನಟ್ಟು ಕೈಜಾರಿ ಎಲ್ಲಿಗೋ ಹೋಯಿತು, ಎಲ್ಲಿ ಉರುಳಿತು ಎಂದು ಹೇಳುವವರಿಲ್ಲ.

ಅಡುಗೆಮನೆಯ ನಲ್ಲಿಯನ್ನೂ ಮುಟ್ಟಿಲ್ಲವಂತೆ. ಹೆಂಡತಿ ತಾನೇ ಸ್ಪ್ಯಾನರ್ ತಂದು ಪಕ್ಕದಲ್ಲಿಟ್ಟು ನೋಡಿದಳಂತೆ.

ಹಳೆಯ ಪುಟ ತಿರುವಿದೆ. ಮೀಸೆಯ ಜಟ್ಟಿಯ ಆ ಎರಡು ಸಾಲು ಅಷ್ಟೇನೂ ಚೆನ್ನಾಗಿಲ್ಲ. ಪ್ರಾಸಕ್ಕೆ ಎಳೆದು ತಂದದ್ದು. ಹೊಡೆದುಹಾಕಿದೆ.

ಏಪ್ರಿಲ್ ೨೬, ಶುಕ್ರವಾರ

ಸೂಜಿ ಎಲ್ಲ ಇಂಜೆಕ್ಟರನ್ನೂ ತೊಳೆದು ಕೊಟ್ಟ. ಕಾರಣ ಹೇಳಿದೆ. ಈ ಸಲ ಅವನು ಚುಚ್ಚಲಿಲ್ಲ. ತನ್ನ ತಂದೆಯೂ ಹಾಗೇ ಎರೆಯುತ್ತಿದ್ದರು ಎಂದಷ್ಟೇ ಹೇಳಿದ.

ಪೈಪು ಊದಿ, ಇಂಜೆಕ್ಟರ್ ಕೂರಿಸಿ, ಹೊಸ ಫಿಲ್ಟರನ್ನು ಪೊಟ್ಟಣ ಒಡೆದು ಒಣಗಿದ್ದೇ ಕೂರಿಸಿದೆ. ಇನ್ನು ಗಾಳಿ ತೆಗೆಯುವುದೊಂದು. ಬುರುಡೆಯ ಮೇಲೆ ಕೈಯಿಟ್ಟವನು ಹಿಸುಕಲಿಲ್ಲ. ಕೈ ಒರೆಸಿಕೊಂಡು ಮನೆಗೆ ಹೋದೆ.

ಅಪ್ಪ ಕಿಟಕಿಯ ಹತ್ತಿರ ಕೂತಿದ್ದ.

"ಬುರುಡೆ ಹಿಸುಕೋಕೆ ಒಬ್ಬರು ಬೇಕಿತ್ತು."

"ಅದು ಒಬ್ಬನೇ ಮಾಡೋ ಕೆಲಸ," ಎಂದ, ನನ್ನ ಕಡೆ ತಿರುಗದೆ.

"ಹೌದು. ಆದ್ರೂ ಬಾ."

ಟೋಪಿ ಎಲ್ಲಿ ಎಂದು ನನ್ನ ಹೆಂಡತಿಯನ್ನು ಗದರಿದ. ಅವಳು ಕೈಯಲ್ಲೇ ಹಿಡಿದುಕೊಂಡು ಬಾಗಿಲಲ್ಲಿ ನಿಂತಿದ್ದಳು.

ಸ್ಟೂಲನ್ನು ಬಾನೆಟ್ ಪಕ್ಕಕ್ಕೆ ತಂದಿಟ್ಟೆ. ಅಪ್ಪ ಹಿಸುಕತೊಡಗಿದ. ನಾನು ಗಾಳಿಯ ಸ್ಕ್ರೂ ಸಡಿಲಿಸಿ ಬಗ್ಗಿದೆ. ಮೊದಲು ಬರೀ ನೊರೆ, ಆಮೇಲೆ ಗುಳ್ಳೆ, ಗುಳ್ಳೆ ವಿರಳವಾಗುತ್ತಾ ಬಂತು. ಕೈ ನಡುಗುತ್ತಲೇ ಇತ್ತು. ಹಿಸುಕುವುದಕ್ಕೆ ಅದರಿಂದ ಅಡ್ಡಿಯೇನೂ ಇಲ್ಲ. ನಾನು ಸಾಕೋ ಬೇಕೋ ಎಂದು ಕಣ್ಣು ಕಿರಿದು ಮಾಡುತ್ತಿರುವಾಗಲೇ, "ಬುರುಡೆ ಗಟ್ಟಿಯಾಯ್ತು, ಮುಚ್ಚು," ಎಂದ. ಮುಚ್ಚಿದೆ. ಒಂದು ಗುಳ್ಳೆಯೂ ಇರಲಿಲ್ಲ.

ಅವನ ವೇಗಕ್ಕೆ ಕೆಲಸ ಮುಗಿಯುವಷ್ಟರಲ್ಲಿ ಬೀಗದಂಗಡಿ ಬಾಗಿಲು ಹಾಕಿತ್ತು. ಅವಸರವೇನಿರಲಿಲ್ಲ. ನಾಲ್ಕೂ ಬಾಟಲಿ ಒಂದೇ ಸಮ.

ಏಪ್ರಿಲ್ ೩೦, ಮಂಗಳವಾರ

ಗಡುವಿನ ದಿನ. ಗಾಡಿ ಹೋಯಿತು, ಬಂತು. ಮೇಲ್ವಿಚಾರಕಿ ಏನೂ ಅನ್ನಲಿಲ್ಲವಂತೆ. ಆದರೆ ಈ ಗಾಡಿ ಎರಡು ಮೂರು ವಾರದ ಮೊದಲು ಯಾವತ್ತೂ ಕೆಟ್ಟಿದ್ದಿಲ್ಲ. ಈಗಲೇ ಉಸಿರು ಬಿಡುವುದು ಬೇಡ.

ಮೇ ೨೫, ಶನಿವಾರ

ಮೂರು ವಾರ ಯಾವಾಗಲೋ ದಾಟಿದೆ. ಎಲ್ಲರಿಗೂ ಗೊತ್ತಿತ್ತು, ಯಾರೂ ಬಾಯಿ ಬಿಟ್ಟಿರಲಿಲ್ಲ.

ಇವತ್ತು ಕೇಂದ್ರದಿಂದ ಬರುವಾಗ ತಂಗಿ ಗ್ಯಾರೇಜಿನ ಎದುರು ನಿಲ್ಲಿಸಿದಳು. ಇಂಜಿನ್ ಆರಿಸಲಿಲ್ಲ. ಮುಂದಿನ ವರ್ಷದವರೆಗೂ ಇದೇ ಗಾಡಿ ಅಂತ ಮೇಲ್ವಿಚಾರಕಿ ಹೇಳಿದರಂತೆ. ಅದನ್ನು ಹೇಳಿ, ನನಗಲ್ಲ, ಅಪ್ಪನ ಕಡೆಗೆ ನೋಡಿದಳು. ಹಿಂದಿನ ಸೀಟಿನಲ್ಲಿ ಟೈಲರಮ್ಮ ನಿದ್ದೆ ಹೋಗಿದ್ದರು. ಮೇಷ್ಟ್ರು ಕಿಟಕಿ ಇಳಿಸಿ, ಬಿಚ್ಚಿ ನೋಡಿದ್ರಂತೆ, ಒಳ್ಳೇದಾಯ್ತು ಎಂದರು.

ಅಪ್ಪ ಎದ್ದು ಹೋಗಿ ಬಾನೆಟ್ಟಿನ ಮೇಲೆ ಅಂಗೈ ಊರಿದ. ಹಾಗೇ ನಿಂತ. ಕಿವಿ ಈಚೆಗೆ ಅಷ್ಟು ಕೇಳಿಸುವುದಿಲ್ಲ.

"ಈಗ ನಡುಗ್ತಿರೋದು ನಾನೊಬ್ಬನೇ," ಎಂದ.

"ಸುಮ್ನಿರು, ಅಣ್ಣ ನಿನಗೂ ಬಾಟಲಿ ಕಟ್ಟಿ ನೋಡ್ತಾನೆ," ಎಂದಳು ತಂಗಿ, ಗೇರ್ ಹಾಕುತ್ತಾ.

ಅಪ್ಪ ಕೈ ತೆಗೆದ. ಗಾಡಿ ಹೋಯಿತು. ಹೊಗೆ ಇರಲಿಲ್ಲ.

ಪ್ರಾಸಕ್ಕೆ ಏನೂ ಸಿಗಲಿಲ್ಲ, ಹುಡುಕಲೂ ಇಲ್ಲ. ಸುಸ್ತು. ಬಾಗಿಲು ಹಾಕುವ ಮೊದಲು ಸ್ಟೂಲಿನ ಕಾಲಿಗೆ ರಬ್ಬರ್ ಹಾಕಿದೆ.